ರಂಗಪ್ಪ ಎಂಬ ಹೆಸರಿನ ಬಗ್ಗೆ

ಪ್ರೀತಿಯ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಮಗುವಿಗೆ ನನ್ನ ಅಪ್ಪನ ಹೆಸರನ್ನೇ ಇಡಬೇಕೆಂದು ನಿನಗೆ ಆಸೆ. ‘ರಂಗಪ್ಪ ಎಂದರೆ ಶಾಲೆಯಲ್ಲಿ ಹುಡುಗರು ಸುಮ್ಮನೆ ಬಿಡುತ್ತಾರೆಯೇ?’ ಎಂದು ಅಳಿಯಂದಿರ ಆತಂಕ. ನಡುವೆ ನನ್ನನ್ನು ಪಂಚಾಯಿತಿಗೆ ಕರೆದಿದ್ದೀಯೆ. ಕೂಡಲೇ ಉತ್ತರ ಬರೆಯಲಿಲ್ಲವೆಂದು ಬೇಸರಿಸಬೇಡ. ಅಪ್ಪನ ಹೆಸರು ಕಂಡು ಕಣ್ಣು ಮಂಜಾಗಿತ್ತು. ಆ ಹೊತ್ತಿನಲ್ಲಿ ಬರೆದಿದ್ದರೆ ‘ಇಟ್ಟುಬಿಡು’ ಎಂದಷ್ಟೇ ಬರೆಯುತ್ತಿದ್ದೆ, ಅದು ಸಲಹೆಯಾಗುತ್ತಿರಲಿಲ್ಲ.

ಮೊದಲು ಈ ‘ಹಳೆಯ ಹೆಸರು’ ಎಂಬ ಮಾತನ್ನೇ ನೋಡು. ಮಯೂರ ಎಂಬ ಹೆಸರು ಹಳೆಯದೆನಿಸುತ್ತದೆಯೇ? ಕದಂಬರ ಮಯೂರ ನಾಲ್ಕನೆಯ ಶತಮಾನದವನು. ಒಂಬತ್ತನೆಯ ಶತಮಾನದ ಅಮೋಘವರ್ಷನ ಹೆಸರಿನ ಬಾಲ ಕತ್ತರಿಸಿ ಅಮೋಘ ಎಂದರೆ ಇಂದಿನ ಮಗುವಿಗೂ ಹೊಂದುತ್ತದೆ. ಸಾವಿರದ ಆರುನೂರು ವರ್ಷದ ಹೆಸರು ಹೊಸದಾಗಿ ಕೇಳಿಸುತ್ತದೆ, ತೊಂಬತ್ತು ವರ್ಷದ ಹಿಂದೆ ಇಟ್ಟದ್ದು ಮುದಿಯಾಗಿ ಕೇಳಿಸುತ್ತದೆ! ಮಯೂರನನ್ನು ಊರುಗೋಲು ಹಿಡಿದು ಕೆಮ್ಮುತ್ತಾ ಬಂದವನಾಗಿ ನಾವು ಯಾರೂ ಕಂಡಿಲ್ಲ. ರಂಗಪ್ಪನನ್ನು ಕಂಡಿದ್ದೇವೆ. ನಮ್ಮ ಕಿವಿಗೆ ಮುಪ್ಪೆನಿಸುವುದು ಹೆಸರಲ್ಲ, ಅದನ್ನು ಹೊತ್ತು ನಾವು ನೋಡಿದ ಕೊನೆಯ ಮನುಷ್ಯ.

ಇದು ನಮ್ಮ ಭಾಷೆಯೊಂದರ ಪಾಡೂ ಅಲ್ಲ. ಆರ್ಥರ್ ಎಂದರೆ ಅಜ್ಜಂದಿರ ಹೆಸರೆಂದು ಇಂಗ್ಲೆಂಡಿನವರು ದಶಕಗಟ್ಟಲೆ ಮೂಲೆಗಿಟ್ಟಿದ್ದರು. 1920ರ ದಶಕದ ನಂತರ ಅದು ಗಂಡುಮಕ್ಕಳ ಮೊದಲ ಹತ್ತು ಹೆಸರುಗಳಲ್ಲಿ ಮತ್ತೆ ಕಾಣಿಸಿಕೊಂಡದ್ದು 2018ರಲ್ಲಿ. ಆರ್ಥರ್ ಎಂಬ ಅಜ್ಜನನ್ನು ಕಂಡವರೇ ಕಡಿಮೆಯಾದಾಗ ಹೆಸರು ಮತ್ತೆ ಎಳೆಯದಾಯಿತು. ಅಮೆರಿಕದಲ್ಲಿ 1961ರಿಂದ 1998ರವರೆಗೆ, 38 ವರ್ಷ ಸತತವಾಗಿ, ಮೈಕೆಲ್ ಮೊದಲ ಸ್ಥಾನದಲ್ಲಿತ್ತು. ಆ ಮೈಕೆಲ್‌ಗಳೆಲ್ಲ ಈಗ ಅಜ್ಜಂದಿರಾಗುವ ಸಾಲಿನಲ್ಲಿ ನಿಂತಿದ್ದಾರೆ. ಅಪ್ಪ, ಅಯ್ಯಗಳ ಕಾಲ ಮುಗಿದು ಮೂರ್ತಿ, ಕುಮಾರಗಳು ಬಂದವು. ಆಮೇಲೆ ರಮೇಶ, ಸುರೇಶ, ಮಹೇಶರ ದಿಬ್ಬಣ. ಈಗ ಆರವ್, ವಿಹಾನ್. ಇನ್ನು ಅರವತ್ತು ವರ್ಷ ಕಳೆಯಲಿ, ‘ಆರವ್ ತಾತ’ ಎಂದು ಯಾರಾದರೂ ಕರೆದೇ ಕರೆಯುತ್ತಾರೆ.

ಇನ್ನು ಶಾಲೆಯ ಗೇಲಿ. ನಂಜುಂಡಯ್ಯ ಎಂಬ ಹೆಸರು ಹೊತ್ತು ಬದುಕಿದವನು ನಾನು, ನನ್ನನ್ನು ಕೇಳು. ಮೂರನೆಯ ತರಗತಿಯಲ್ಲಿ ನಾನು ಬೆಂಚಿನ ಹತ್ತಿರ ಬಂದರೆ ಸಾಕು, ‘ನಂಜು ಬಂತು, ದೂರ ಸರಿಯಿರೋ’ ಎನ್ನುತ್ತಿದ್ದರು. ಅತ್ತಿದ್ದೇನೆ. ವರ್ಷದ ಕೊನೆಗೆ ಪಕ್ಕದವನ ಮುಂದಿನ ಹಲ್ಲು ಮುರಿಯಿತು, ಎಲ್ಲರ ಗಮನ ಅಲ್ಲಿಗೆ ಹೋಯಿತು, ನನಗೆ ಬಿಡುಗಡೆ. ನಮ್ಮ ಪಕ್ಕದ ಮನೆಯ ವಿಹಾನನನ್ನು ಅವನ ಗೆಳೆಯರು ‘ವಿಮಾನ’ ಎನ್ನುತ್ತಾರಂತೆ. ಗೇಲಿ ಮಾಡುವವರಿಗೆ ಯಾವ ಹೆಸರಾದರೂ ನಡೆಯುತ್ತದೆ. ಹಾಗೆಂದು ಅಳಿಯಂದಿರ ಮಾತನ್ನು ತಳ್ಳಿಹಾಕಬೇಡ. ಗುಂಡಪ್ಪ ಎಂದು ಹೆಸರಿಟ್ಟ ಹುಡುಗ ಸ್ವಲ್ಪ ದಪ್ಪಗಾಗಿಬಿಟ್ಟರೆ ಪಾಡು ಬೇರೆ. ರಂಗಪ್ಪನಲ್ಲಿ ಅಂಥ ಮುಳ್ಳು ನನಗೆ ಕಾಣುವುದಿಲ್ಲ.

ದೊಡ್ಡವನಾದ ಮೇಲೆ ನನ್ನ ಹೆಸರೇ ನನಗೆ ಅನುಕೂಲಕ್ಕೆ ಬಂತು. ಕಚೇರಿಯಲ್ಲಿ ನಾಲ್ವರು ಸುರೇಶರಿದ್ದರು: ಎತ್ತರದ ಸುರೇಶ, ಕನ್ನಡಕದ ಸುರೇಶ, ಲೆಕ್ಕದ ಸುರೇಶ, ಹೊಸ ಸುರೇಶ. ಹೊಸ ಸುರೇಶ ತಲೆ ನರೆತು ನಿವೃತ್ತನಾಗುವ ದಿನವೂ ಹೊಸ ಸುರೇಶನೇ. ನಂಜುಂಡಯ್ಯ ಮಾತ್ರ ಒಬ್ಬನೇ. ನನ್ನ ಕಾಗದ ಇನ್ನೊಬ್ಬರ ಮೇಜಿಗೆ ಹೋದದ್ದಿಲ್ಲ.

ಆದರೆ ನಿನ್ನ ಪತ್ರದ ಒಂದು ಸಾಲು ನನ್ನನ್ನು ಯೋಚನೆಗೆ ಹಚ್ಚಿತು. ‘ಅಜ್ಜನ ಹೆಸರಿಟ್ಟರೆ ಅಜ್ಜನ ಗುಣವೂ ಬರಲಿ’ ಎಂದಿದ್ದೀಯೆ. ನೀನು ಕಂಡದ್ದು ಎಪ್ಪತ್ತು ದಾಟಿ ಮೆತ್ತಗಾದ ಅಜ್ಜನನ್ನು. ಮಗ್ಗಿ ತಪ್ಪಿದರೆ ಸ್ಲೇಟು ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದ ಮೂವತ್ತೈದರ ರಂಗಪ್ಪನನ್ನು ನಾನೂ ನಿನ್ನ ಅಪ್ಪನೂ ಕಂಡಿದ್ದೇವೆ. ಒಡೆದ ಸ್ಲೇಟಿನ ಚೂರುಗಳನ್ನು ಆಯ್ದು ಜೋಡಿಸಲು ನೋಡುತ್ತಿದ್ದವರು ನಾವೇ. ಅವರ ಮೇಲೆ ನನಗೆ ಪ್ರೀತಿಯಿದೆ, ಅದು ಬೇರೆ ಮಾತು. ‘ಅಜ್ಜ ಹೀಗಿರಲಿಲ್ಲ’ ಎಂದು ಆ ಮಗುವಿಗೆ ಒಂದು ಸಲವೂ ಹೇಳುವುದಿಲ್ಲವೆಂದು ನಿನಗೆ ನೀನೇ ಖಚಿತಪಡಿಸಿಕೊಳ್ಳಲಾಗದಿದ್ದರೆ ಈ ಹೆಸರು ಬೇಡ, ಆರವ್ ಎಂದೇ ಇಡು. ಸಚಿನ್ ತೆಂಡೂಲ್ಕರ್‌ಗೆ ಹೆಸರು ಬಂದದ್ದು 1906ರಲ್ಲಿ ಹುಟ್ಟಿದ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರಿಂದ. ಹುಡುಗ ಹಾಡಲಿಲ್ಲ, ಬ್ಯಾಟು ಹಿಡಿದ. ಈಗ ಸಚಿನ್ ಎಂದರೆ ಎಷ್ಟು ಜನಕ್ಕೆ ಬರ್ಮನ್ ನೆನಪಾಗುತ್ತಾರೆ ಹೇಳು.

ನಾನು ಹೆಸರು ತೂಗುವುದು ಅದನ್ನು ಕೂಗಿ ನೋಡಿ. ಆಟಕ್ಕೆ ಹೋದ ಹುಡುಗನನ್ನು ಮುಸ್ಸಂಜೆಯಲ್ಲಿ ಬಾಗಿಲಲ್ಲಿ ನಿಂತು ಕರೆಯಬೇಕು. ‘ರಂಗಾ…’ ಎಂದರೆ ಕೊನೆಯ ಸ್ವರವನ್ನು ಉಸಿರಿರುವಷ್ಟು ದೂರ ಎಳೆಯಬಹುದು. ‘ವಿಹಾನ್’ ಎಂದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಕೂಗು ಅಲ್ಲೇ ನಿಂತುಬಿಡುತ್ತದೆ. ಕನ್ನಡದ ಕೂಗು ಸ್ವರದಲ್ಲಿ ಮುಗಿಯಲು ಬಯಸುತ್ತದೆ. ಬೈದೂ ನೋಡು, ಮುದ್ದಿಗೆ ಕರೆದೂ ನೋಡು, ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೂ ನೋಡು. ಆ ಕೊನೆಯ ಪರೀಕ್ಷೆಯಲ್ಲಿ ನನ್ನ ಹೆಸರು ಜೀವನಪೂರ್ತಿ ನಪಾಸು. ರಂಗನಿಗೆ ಐದು ಅಕ್ಷರ ಸಾಕು.

ಉಳಿದದ್ದು ಆ ‘ಅಪ್ಪ’. ಮೂರು ಕಿಲೋ ತೂಗುವ ಕೂಸಿಗೆ ಅಪ್ಪನ ಪಟ್ಟವೇಕೆ ಎಂದು ಅಳಿಯಂದಿರು ಕೇಳಿದರೆ ನ್ಯಾಯವೇ. ಆದರೆ ನೀನು ಅವನನ್ನು ಸಮಾಧಾನ ಮಾಡುವುದು ಹೇಗೆ? ‘ಅಳಬೇಡಪ್ಪ, ಬಾರಪ್ಪ’ ಎಂದಲ್ಲವೇ? ಅದು ಈಗಾಗಲೇ ಅವನಿಗೆ ಅಂಟಿಕೊಂಡಿದೆ, ದಾಖಲೆಯಲ್ಲಿ ಬರೆಸಲೇಬೇಕೆಂದಿಲ್ಲ. ರಂಗ ಎಂದಷ್ಟೇ ಇಟ್ಟರೆ ಅಪ್ಪ ಉಳಿದರು, ಮಗುವಿನ ಹೆಸರೂ ಹಗುರಾಯಿತು. ಅದಕ್ಕೂ ಅವರು ಒಪ್ಪದಿದ್ದರೆ ಬಿಟ್ಟುಬಿಡು. ಹಟ ಹಿಡಿದು ಒಂದು ಇನಿಷಿಯಲ್ ಆಗಿ ತುರುಕುವುದು ಮಾತ್ರ ಬೇಡ, ‘ಆರ್’ ಎಂಬ ಅಕ್ಷರದಲ್ಲಿ ನನ್ನ ಅಪ್ಪ ಹಿಡಿಸುವುದಿಲ್ಲ. ನನ್ನನ್ನು ಮೆಚ್ಚಿಸಲೆಂದೂ ಇಡಬೇಡ. ಆ ಹೆಸರನ್ನು ದಿನಕ್ಕೆ ನೂರು ಬಾರಿ ಕರೆಯುವವರು ನೀವಿಬ್ಬರು.

ನಿನ್ನೆ ಸಂಜೆ ಬಾಗಿಲಲ್ಲಿ ನಿಂತು ಒಮ್ಮೆ ಕೂಗಿ ನೋಡಿದೆ. ಅಪ್ಪನ ಹೆಸರನ್ನು ಏಕವಚನದಲ್ಲಿ ಕೂಗಿದ್ದು ಜೀವಮಾನದಲ್ಲಿ ಅದೇ ಮೊದಲು. ನಿನ್ನ ದೊಡ್ಡಮ್ಮ ಒಳಗಿನಿಂದ ಬಂದು, ‘ಯಾರನ್ನು ಕರೆದಿರಿ?’ ಎಂದಳು. ಏನೆಂದು ಹೇಳಲಿ? ಇನ್ನೂ ಗೊತ್ತಿಲ್ಲ, ಸುಮಾ ಹೇಳಬೇಕು ಎಂದೆ.

ಇಂತಿ,
ನಿನ್ನ ದೊಡ್ಡಪ್ಪ