ಕೆಂಟ್‌ನ ಗೆಳೆಯರಿಗೆ, ಫೆಬ್ರವರಿ ಮುಗಿದ ಮೇಲೆ

ಅಮೆರಿಕದ ಒಹಾಯೊ ರಾಜ್ಯದ ಈ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯ ಅಂದರೆ ಹೊರಗಿನವರಿಗೆ ನೆನಪಾಗುವುದು 1970ರ ಮೇ 4, ನ್ಯಾಷನಲ್ ಗಾರ್ಡ್ ಸೈನಿಕರ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದ ದಿನ. ಅದೇ ವರ್ಷ ಜನವರಿ 2ರಿಂದ ಫೆಬ್ರವರಿ 28ರವರೆಗೆ ಮೊಟ್ಟಮೊದಲ ಬ್ಲ್ಯಾಕ್ ಹಿಸ್ಟರಿ ಮಂತ್, ಅಂದರೆ ಅಮೆರಿಕದ ಕಪ್ಪು ಜನರ ಇತಿಹಾಸ ನೆನೆಯುವ ತಿಂಗಳು, ನಡೆದದ್ದೂ ಇಲ್ಲೇ. ಕಪ್ಪು ಇತಿಹಾಸಕಾರ ಕಾರ್ಟರ್ ವುಡ್ಸನ್ 1926ರಲ್ಲಿ ಆರಂಭಿಸಿದ್ದ ಒಂದು ವಾರದ ಆಚರಣೆ ಸಾಲದು, ತಿಂಗಳು ಬೇಕು ಅಂತ ಪಟ್ಟುಹಿಡಿದವರಲ್ಲಿ ಇಲ್ಲಿನ ಬ್ಲ್ಯಾಕ್ ಯುನೈಟೆಡ್ ಸ್ಟೂಡೆಂಟ್ಸ್ ಸಂಘದವರು ಮುಂದಿದ್ದರು. ವಾಷಿಂಗ್ಟನ್ನಿನ ಸರ್ಕಾರದ ಮನ್ನಣೆ ಸಿಕ್ಕಿದ್ದು 1976ರಲ್ಲಿ. ಮೊದಲ ಧನ್ಯವಾದ ಆ ಹುಡುಗ ಹುಡುಗಿಯರಿಗೆ. ಈಗ ಅವರೆಲ್ಲ ಅಜ್ಜ ಅಜ್ಜಿಯರಾಗಿರಬೇಕು.

ಈ ಸಲ ಕೆಲಸಕ್ಕೆ ನನ್ನನ್ನೂ ಸೇರಿಸಿಕೊಂಡಿರಿ. ಆಸ್ಕರ್ ರಿಚಿ ಹಾಲ್‌ನಲ್ಲಿ ಫಲಕ ಕಟ್ಟುವಾಗ ಆ ಹೆಸರಿನ ಕಥೆ ಹೇಳಿದಿರಿ: 1947ರಲ್ಲಿ ಇಲ್ಲಿ ಪಾಠಕ್ಕೆ ನಿಂತ ಮೊದಲ ಕಪ್ಪು ಅಧ್ಯಾಪಕರು ಅವರು. ಊಟದ ದಿನ ನನಗಾಗಿ ಮಾಂಸ ಹಾಕದೆ ಸೊಪ್ಪು ಬೇಯಿಸಿಟ್ಟ ಅಡುಗೆಯ ಅಮ್ಮನನ್ನು ಹೇಗೆ ಮರೆಯಲಿ? ನಿಮ್ಮ ಅಲಸಂದೆ ಕಾಳಿಗೆ ಒಂದು ಒಗ್ಗರಣೆ ಬಿದ್ದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು, ಅದು ಬೇರೆ ಮಾತು.

ನಾನು ಮೈಸೂರಿನವಳೆಂದು ತಿಳಿದು ಕಪ್ಪು ಶಿಕ್ಷಣತಜ್ಞ ಬೆಂಜಮಿನ್ ಮೇಸ್ ಅವರ ಆತ್ಮಕಥೆ ಕೈಗಿತ್ತ ಗ್ರಂಥಪಾಲಕರಿಗೆ ವಿಶೇಷ ನಮಸ್ಕಾರ. ಮುಂದೆ ಮಾರ್ಟಿನ್ ಲೂಥರ್ ಕಿಂಗ್‌ಗೆ ಗುರುವಾದ ಈ ಮೇಸ್, 1937ರ ಜನವರಿಯಲ್ಲಿ ಕ್ರೈಸ್ತ ಯುವಕರ ಸಂಘವಾದ ವೈಎಂಸಿಎಯ ವಿಶ್ವ ಸಮ್ಮೇಳನಕ್ಕೆ ನಮ್ಮೂರಿಗೆ ಬಂದಿದ್ದರಂತೆ! ಆ ಪ್ರವಾಸದಲ್ಲಿ ದಲಿತ ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಇವರನ್ನೂ ಅಸ್ಪೃಶ್ಯರೆಂದೇ ಮಕ್ಕಳಿಗೆ ಪರಿಚಯಿಸಿದರು. ಮೊದಲು ಸಿಟ್ಟು ಬಂತು, ಆಮೇಲೆ ಅಮೆರಿಕದಲ್ಲಿ ತನ್ನ ಸ್ಥಿತಿಯೂ ಅದೇ ಅಲ್ಲವೇ ಅನ್ನಿಸಿತು ಎಂದು ಬರೆದಿದ್ದಾರೆ. ಮೈಸೂರಿನಲ್ಲಿ ಇಷ್ಟು ವರ್ಷ ಓದಿದರೂ ಇದನ್ನು ನನಗೆ ಯಾರೂ ಹೇಳಿರಲಿಲ್ಲ. ದಸರೆಯ ಆನೆಗಳ ಹೆಸರು ಮಾತ್ರ ಬಾಯಿಪಾಠ.

ಆಕ್ರನ್, ಕ್ಲೀವ್‌ಲ್ಯಾಂಡ್ ಕಡೆಯಿಂದ ಮಕ್ಕಳೊಂದಿಗೆ ಬಂದ ಕನ್ನಡದವರಿಗೂ ಥ್ಯಾಂಕ್ಸ್. ನಮಗೂ ಇದಕ್ಕೂ ಏನು ಸಂಬಂಧ ಅಂತ ಒಬ್ಬರು ಅಂಕಲ್ ಕೇಳಿದರು. ಕಪ್ಪು ಜನರು ಬೀದಿಗಿಳಿದು ಗೆದ್ದ 1964ರ ನಾಗರಿಕ ಹಕ್ಕು ಕಾಯ್ದೆಯ ಬೆನ್ನಿಗೇ 1965ರ ವಲಸೆ ಕಾನೂನು ಬಂತು. ಅಲ್ಲಿಯವರೆಗೆ ಇಲ್ಲಿಗೆ ವಲಸೆ ಬರಲು ಭಾರತಕ್ಕೆ ವರ್ಷಕ್ಕೆ ಸಿಗುತ್ತಿದ್ದ ಕೋಟಾ ಬರೀ 100 ಜನರದು. ಅಂಕಲ್, ನಿಮ್ಮ ಗ್ರೀನ್ ಕಾರ್ಡಿನ ಹಿಂದೆ ಅವರ ಜೈಲುವಾಸವೂ ಇದೆ. ಮುಂದಿನ ಫೆಬ್ರವರಿಗೆ ಊಟದ ಹೊತ್ತಿಗೆ ಬರುವ ಬದಲು ಬೆಳಿಗ್ಗೆಯೇ ಬನ್ನಿ, ಕುರ್ಚಿ ಹಾಕುವುದಕ್ಕೆ ಜನ ಬೇಕು.