ತಂಗಿಯ ರಕ್ತಹೀನತೆಯ ವಿಷಯವಾಗಿ ಅಮ್ಮನಿಗೆ ಬರೆದ ಪತ್ರ

ಮ್ಯಾಂಚೆಸ್ಟರ್

ಮಾತೃಶ್ರೀ ಅಮ್ಮನವರ ಪಾದಗಳಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ.

ತಂಗಿಯ ಹಿಮೋಗ್ಲೋಬಿನ್ 9ಕ್ಕೆ ಇಳಿದಿದೆಯೆಂದು ಅಪ್ಪ ಫೋನಿನಲ್ಲಿ ಹೇಳಿದಾಗಿನಿಂದ ನನಗೆ ಅದೇ ಚಿಂತೆಯಾಗಿದೆ. ಪ್ರಾಯದ ಹೆಣ್ಣುಮಕ್ಕಳಿಗೆ ಅದು 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆಯೆಂದೇ ಲೆಕ್ಕ. ಆದ್ದರಿಂದ ಅವಳು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೆ, ಪುಸ್ತಕ ಹಿಡಿದು ತೂಕಡಿಸಿದರೆ, ಸೋಮಾರಿತನವೆಂದು ದಯವಿಟ್ಟು ಗದರಬೇಡಿ. ಆಮ್ಲಜನಕವನ್ನು ಮೈಯೆಲ್ಲಕ್ಕೂ ಹೊತ್ತೊಯ್ಯುವ ಹಿಮೋಗ್ಲೋಬಿನ್ ತಯಾರಾಗಲು ಕಬ್ಬಿಣದ ಅಂಶ ಬೇಕೇ ಬೇಕು. ಪ್ರತಿ ತಿಂಗಳೂ ಮುಟ್ಟಿನಲ್ಲಿ ರಕ್ತ ಹೋಗುವುದರಿಂದ ಹೆಣ್ಣುಮಕ್ಕಳಿಗೆ ಅದು ಗಂಡಸರಿಗಿಂತ ಹೆಚ್ಚಾಗಿಯೇ ಬೇಕಾಗುತ್ತದೆ.

ನಮ್ಮ ಮನೆಯ ಊಟದಲ್ಲಿ ಕಬ್ಬಿಣವಿಲ್ಲವೆಂದಲ್ಲ. ನೀವು ಮಾಡುವ ಬೆರಕೆ ಸೊಪ್ಪಿನ ಮಸ್ಸೊಪ್ಪಿನಲ್ಲಿ, ಹುರುಳಿಕಾಳಿನ ಬಸ್ಸಾರಿನಲ್ಲಿ ಅದು ಇದ್ದೇ ಇದೆ. ಆದರೆ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವನ್ನು ದೇಹ ಮಾಂಸದಲ್ಲಿರುವುದರಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಅದರ ಮೇಲೆ ಉಂಡ ಕೈ ತೊಳೆದ ಕೂಡಲೇ ಕಾಫಿ ಕುಡಿದರೆ ಸಿಗಬೇಕಾದದ್ದರಲ್ಲೂ ಎಷ್ಟೋ ಪಾಲು ವ್ಯರ್ಥವಾಗುತ್ತದೆ. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆಯಾದರೂ ಬಿಡುವಿರಲಿ. ವಿಟಮಿನ್ ಸಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೂಡುತ್ತದೆ. ಕುದಿಸಿದರೆ ಆ ವಿಟಮಿನ್ ಸಾಕಷ್ಟು ಕಳೆದುಹೋಗುವುದರಿಂದ, ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆಯೇ ನಿಂಬೆಹಣ್ಣು ಹಿಂಡಿ. ಊಟದ ಜೊತೆಗೊಂದು ಸೀಬೆಹಣ್ಣು ಕೊಟ್ಟರೂ ಆಯಿತು. ಹುರುಳಿಯನ್ನು ಮೊಳಕೆ ಕಟ್ಟಿ ಸಾರು ಮಾಡಿದರೆ ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೂ 9ಕ್ಕೆ ಇಳಿದದ್ದನ್ನು ಊಟವೊಂದೇ ಬೇಗ ಮೇಲೆತ್ತಲಾರದು. ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಮಾತ್ರೆಯನ್ನು ಅವಳು ನಡುವೆ ನಿಲ್ಲಿಸಬಾರದು. ಮಲ ಕಪ್ಪಾಗುವುದು ಆ ಮಾತ್ರೆಯಿಂದಲೇ, ಅದಕ್ಕೆ ಹೆದರಬೇಕಾಗಿಲ್ಲ. ನೀವು ಮಂಡಿನೋವಿಗೆ ನುಂಗುವ ಕ್ಯಾಲ್ಸಿಯಂ ಮಾತ್ರೆಯನ್ನು ಅವಳಿಗೂ ಅದೇ ಹೊತ್ತಿಗೆ ಕೊಡಬೇಡಿ, ಕಬ್ಬಿಣ ಮೈಗೂಡುವುದನ್ನು ಕ್ಯಾಲ್ಸಿಯಂ ತಡೆಯುತ್ತದೆ. ಮೆಡಿಕಲ್ ಸ್ಟೋರಿನವರು ಕೊಟ್ಟ ಟಾನಿಕ್ಕನ್ನು ಡಾಕ್ಟರಿಗೆ ತೋರಿಸದೆ ಕುಡಿಸುವುದೂ ಬೇಡ. ಅದರಲ್ಲಿರಬಹುದಾದ ವಿಟಮಿನ್ ಎ ಮತ್ತು ಡಿ ಮಿತಿಮೀರಿದರೆ ದೇಹದಲ್ಲೇ ಉಳಿದು ತೊಂದರೆ ಕೊಡುತ್ತವೆ.

ಅಪ್ಪನ ಪಾದ ಜೋಮು ಹಿಡಿಯುತ್ತಿರುವುದನ್ನೂ ಈ ಸಲವೇ ತೋರಿಸಿ. ಸಕ್ಕರೆ ಕಾಯಿಲೆಯಿಂದಲೂ ಹಾಗಾಗಬಹುದು, ವಿಟಮಿನ್ ಬಿ12ರ ಕೊರತೆಯಿಂದಲೂ ಆಗಬಹುದು. ಈ ಬಿ12 ಸೊಪ್ಪು ತರಕಾರಿಗಳಲ್ಲಿ ಸಿಗುವುದಿಲ್ಲ, ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನುಗಳಿಂದಲೇ ಬರಬೇಕು. ಅಪ್ಪ ಮಾಂಸ, ಮೊಟ್ಟೆ ಎರಡನ್ನೂ ಬಿಟ್ಟಿದ್ದಾರೆ. ಜೊತೆಗೆ ಸಕ್ಕರೆ ಕಾಯಿಲೆಗೆ ಅವರು ನುಂಗುವ ಮೆಟ್‌ಫಾರ್ಮಿನ್ ಮಾತ್ರೆಯೂ ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಇಳಿಸುವ ಸಾಧ್ಯತೆಯಿದೆ. ರಕ್ತಪರೀಕ್ಷೆಯಲ್ಲಿ ಅದು ತಿಳಿಯುತ್ತದೆ.

ರಾತ್ರಿಯ ಮುದ್ದೆಯನ್ನು ಬಿಟ್ಟು ಎಲ್ಲರೂ ಅನ್ನಕ್ಕೆ ಒಗ್ಗಿದ್ದೀರೆಂದು ಕೇಳಿ ನನಗೆ ಬೇಸರವಾಯಿತು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದ್ದರೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ನಮ್ಮ ಕೋಲಾರ ಸೀಮೆಯಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಮೂಳೆಗಳಿಗೆ ಇನ್ನಷ್ಟು ಕೇಡು. ಇಲ್ಲಿ ಚಳಿಗಾಲದ ಬಿಸಿಲು ಸಾಲದೆ ನಾನು ದಿನಕ್ಕೆ 10 ಮೈಕ್ರೋಗ್ರಾಂ ವಿಟಮಿನ್ ಡಿ ಮಾತ್ರೆ ನುಂಗುತ್ತೇನೆ; ನಿಮಗೆ ಅಂಗಳದಲ್ಲೇ ಬಿಸಿಲಿದೆ, ಸ್ವಲ್ಪ ಹೊತ್ತಾದರೂ ಅಲ್ಲಿ ಕುಳಿತುಕೊಳ್ಳಿ.

ಸೋಮವಾರ ಇಬ್ಬರನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಿಪೋರ್ಟಿನ ಫೋಟೋವನ್ನು ತಂಗಿಯ ಕೈಯಲ್ಲಿ ಕಳುಹಿಸಿಕೊಡಿ, ಕಾಯುತ್ತಿರುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು