ಎರಡನೇ ವರ್ಷದ ಪ್ರೀಮಿಯಂ ಕಟ್ಟುವುದಿಲ್ಲ, ಕಾರಿನ ಪಿಂಕ್ ಸ್ಲಿಪ್ (ಮಾಲೀಕತ್ವದ ಕಾಗದ) ಕಳಿಸಿಕೊಡಿ

ಇವರಿಗೆ,
ವ್ಯವಸ್ಥಾಪಕರು,
ಬೇಲ್ ಬಾಂಡ್ ಕಂಪನಿ, ಲಾಸ್ ಏಂಜಲೀಸ್

ವಿಷಯ: ಕೇಸು ಮುಗಿದ ಮೇಲೂ ಅಡಮಾನ ಇಟ್ಟುಕೊಂಡು ನವೀಕರಣ ಶುಲ್ಕ ಕೇಳುತ್ತಿರುವ ಬಗ್ಗೆ

ಮಾನ್ಯರೇ,

ತಮಿಳು, ತೆಲುಗು, ಕನ್ನಡ ಎಲ್ಲದರಲ್ಲೂ ಮಾತಾಡುತ್ತೇವೆ ಅಂತ ನಿಮ್ಮ ಜಾಹೀರಾತಿನಲ್ಲಿದೆ. ನನ್ನ ಅಕ್ಕನ ಮಗನನ್ನು ಪೊಲೀಸರು ಹಿಡಿದ ರಾತ್ರಿ ಫೋನ್ ಎತ್ತಿದ ನಿಮ್ಮ ಏಜೆಂಟ್ ಕೂಡ ಕನ್ನಡದಲ್ಲೇ ಮಾತಾಡಿ ನನ್ನಿಂದ ಸಹಿ ಮಾಡಿಸಿಕೊಂಡರು. ಹಾಗಾಗಿ ದೂರನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿ ಜೊತೆಗಿದೆ. ನಿಮ್ಮ ಬಾಂಡಿನ ಹಿಂದೆ ನಿಂತಿರುವ ಇನ್ಶೂರೆನ್ಸ್ ಕಂಪನಿಗೂ ಒಂದು ಪ್ರತಿ ಕಳಿಸಿದ್ದೇನೆ.

2024ರ ಮಾರ್ಚ್‌ನಲ್ಲಿ ನನ್ನ ಅಕ್ಕನ ಮಗನನ್ನು ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಪೊಲೀಸರು ಹಿಡಿದು ಅಲ್ಲೇ ಇರುವ ಡಬ್ಲಿನ್‌ನ ಸಾಂಟಾ ರೀಟಾ ಜೈಲಿಗೆ ಹಾಕಿದ್ದರು. ಕೌಂಟಿಯ ಬೇಲ್ ಪಟ್ಟಿಯ ಪ್ರಕಾರ ಜಾಮೀನು 50,000 ಡಾಲರ್. ಅಷ್ಟು ದುಡ್ಡು ಕೈಯಲ್ಲಿದ್ದಿದ್ದರೆ ನೇರವಾಗಿ ಕಟ್ಟುತ್ತಿದ್ದೆವು. ಹುಡುಗ ಎಲ್ಲ ವಿಚಾರಣೆಗೂ ಹಾಜರಾದರೆ ಕೇಸು ಮುಗಿದ ಮೇಲೆ ಅದು ವಾಪಸ್ ಬರುತ್ತಿತ್ತು. ಇರಲಿಲ್ಲ. ಅದಕ್ಕೇ ನಿಮಗೆ ಫೋನ್ ಮಾಡಿದ್ದು. ಆ 50,000ಕ್ಕೆ ನೀವು ಕೋರ್ಟಿಗೆ ಬಾಂಡ್ ಬರೆದುಕೊಡಲು ನೂರಕ್ಕೆ ಹತ್ತರಂತೆ 5,000 ಡಾಲರ್ ನಿಮ್ಮ ಪ್ರೀಮಿಯಂ. 2,000 ಮುಂಗಡ ಕೊಟ್ಟು ಉಳಿದದ್ದನ್ನು ಕಂತಿನಲ್ಲಿ ಕಟ್ಟಿದೆವು. ಒಂದು ಕಂತೂ ತಪ್ಪಿಲ್ಲ. ಅಡಮಾನಕ್ಕೆ ನನ್ನ ಕಾರಿನ ಪಿಂಕ್ ಸ್ಲಿಪ್ ಕೊಟ್ಟಿದ್ದೇನೆ.

'ಕೇಸು ಬಿದ್ದು ಹೋದ್ರೆ ಅರ್ಧ ವಾಪಸ್ ಬರುತ್ತೆ ಸರ್' ಅಂತ ನಿಮ್ಮ ಏಜೆಂಟ್ ಅಂದು ಹೇಳಿದ್ದರು. ಅದು ಸುಳ್ಳು. ಹುಡುಗ ಜೈಲಿನಿಂದ ಹೊರಗೆ ಬಂದ ಕೂಡಲೇ ಆ ಹಣ ನಿಮ್ಮದಾಯಿತು. ಕೇಸು ಗೆದ್ದರೂ ಅಷ್ಟೇ, ವಜಾ ಆದರೂ ಅಷ್ಟೇ. ಆದ್ದರಿಂದ ಆ 5,000 ಡಾಲರನ್ನು ನಾನು ವಾಪಸ್ ಕೇಳುತ್ತಿಲ್ಲ. ನೀವು ಬಾಂಡ್ ಕೊಟ್ಟಿರಿ, ಹುಡುಗ ಹೊರಗೆ ಬಂದ, ನಿಮಗೆ ಬರಬೇಕಾದ್ದು ಬಂತು. ಆದರೆ ಆ ಹೊತ್ತಿನಲ್ಲಿ ಗಾಬರಿಯಾಗಿರುವವರಿಗೆ ನಿಮ್ಮ ಏಜೆಂಟರಿಂದ ಹೀಗೆ ಸುಳ್ಳು ಹೇಳಿಸಬೇಡಿ. 'ಊರಲ್ಲಿ ಪಹಣಿ ಕೊಟ್ಟು ಶ್ಯೂರಿಟಿ ನಿಲ್ಲಲ್ವಾ, ಹಂಗೇ ಇದು' ಅಂತಲೂ ಹೇಳಿದ್ದರು. ಹಾಗೇ ಅಲ್ಲವೇ ಅಲ್ಲ. ನಮ್ಮೂರಲ್ಲಿ ಶ್ಯೂರಿಟಿ ನಿಲ್ಲುವವನು ನೆಂಟನೋ ಸ್ನೇಹಿತನೋ ಆಗಿರುತ್ತಾನೆ. ದುಡ್ಡಿಗೆ ಶ್ಯೂರಿಟಿ ನಿಲ್ಲುವುದನ್ನು ಅಲ್ಲಿಯ ಕಾನೂನು ಒಪ್ಪುವುದಿಲ್ಲ. ಇಲ್ಲಿ ಅದೇ ಒಂದು ವ್ಯಾಪಾರ. ಹುಡುಗ ಕೋರ್ಟಿಗೆ ಬರದಿದ್ದರೆ 50,000 ಡಾಲರ್ ಕೊನೆಗೆ ಸಹ-ಸಹಿ ಹಾಕಿದ ನನ್ನ ತಲೆಗೇ ಬರುತ್ತದೆ. ಇದನ್ನು ಯಾರೂ ಕನ್ನಡದಲ್ಲಿ ಬಿಡಿಸಿ ಹೇಳಲಿಲ್ಲ. ಕಾಗದ ಪೂರ್ತಿ ಇಂಗ್ಲಿಷಿನಲ್ಲಿತ್ತು, ಅದೂ ಫೋನಿನ ಪರದೆಯ ಮೇಲೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಕೇಸು ಒಂದು ವರ್ಷ ದಾಟಿತು. ಕೂಡಲೇ ನೀವು 'ನವೀಕರಣ ಪ್ರೀಮಿಯಂ' ಅಂತ ಇನ್ನೊಂದು 5,000 ಡಾಲರಿಗೆ ಬಿಲ್ ಕಳಿಸಿದಿರಿ. ಕ್ಯಾಲಿಫೋರ್ನಿಯಾದಲ್ಲಿ 2022ರ ಜನವರಿ 1ರಿಂದ ಮಾಡಿಕೊಂಡ ಬೇಲ್ ಒಪ್ಪಂದಗಳಲ್ಲಿ ಒಂದಕ್ಕಿಂತ ಜಾಸ್ತಿ ಪ್ರೀಮಿಯಂ ಕೇಳುವ ಹಾಗಿಲ್ಲ. ಕೋರ್ಟು ಬಾಂಡಿನ ಹೊಣೆ ಮುಗಿಯಿತು ಅನ್ನುವವರೆಗೂ ಆ ಒಂದೇ ಪ್ರೀಮಿಯಂ ನಡೆಯಬೇಕು. ನಮ್ಮ ಒಪ್ಪಂದ ಆಗಿದ್ದು 2024ರಲ್ಲಿ. ದಿನವೂ ಇದೇ ಕೆಲಸ ಮಾಡುವ ನಿಮಗೆ ಈ ನಿಯಮ ಗೊತ್ತಿಲ್ಲ ಅಂದರೆ ನಾನು ನಂಬುವುದಿಲ್ಲ. ಹಳೆಯ ಫಾರಂ ಇನ್ನೂ ಬದಲಾಯಿಸಿಲ್ಲವೋ, ಅಥವಾ ಕೇಳಿ ನೋಡೋಣ, ಕೊಟ್ಟರೆ ಕೊಡಲಿ ಅಂತಲೋ, ನೀವೇ ಹೇಳಬೇಕು.

ಆ ಬಿಲ್ಲಿನಲ್ಲೇ 'ಫೈಲ್ ನಿರ್ವಹಣೆ' ಅಂತ 275 ಡಾಲರ್ ಕೂಡ ಇದೆ. ಪ್ರೀಮಿಯಂ ಬಿಟ್ಟರೆ ನಿಜವಾಗಿ ಖರ್ಚಾದ, ಅಗತ್ಯವಾಗಿದ್ದ ವೆಚ್ಚವನ್ನು ಮಾತ್ರ ನೀವು ವಸೂಲು ಮಾಡಬಹುದು. ಯಾವ ಖರ್ಚು, ಯಾವ ದಿನ, ರಸೀದಿ ಎಲ್ಲಿ? ಇದ್ದರೆ ಕಳಿಸಿ, ನೋಡುತ್ತೇನೆ. ಇಲ್ಲದಿದ್ದರೆ ಅದನ್ನು ತೆಗೆದುಹಾಕಿ.

ನಾನು ಕಟ್ಟುವುದಿಲ್ಲ ಅಂದ ಮೇಲೆ ನಿಮ್ಮ ಕಚೇರಿಯಿಂದ ಒಬ್ಬರು ಮೈಸೂರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದರು. 'ದುಡ್ಡು ಬರದಿದ್ರೆ ನಿಮ್ಮ ಮಗನ್ನ ಮತ್ತೆ ಒಳಗೆ ಹಾಕಿಸ್ತೀವಿ' ಅಂದರಂತೆ. ಅಕ್ಕನಿಗೆ ಬಿ.ಪಿ. ಇದೆ. ಆಮೇಲೆ ಎಷ್ಟೋ ದಿನ ಅವಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅವಳು ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ. ಅರ್ಜಿಯಲ್ಲಿ ತಾಯಿಯ ನಂಬರ್ ಕೇಳಿದ್ದಿರಿ ಅಂತ ಕೊಟ್ಟಿದ್ದೆವು, ಹೆದರಿಸಲಿಕ್ಕೆ ಅಂತ ಅಲ್ಲ. ಹುಡುಗ ಒಂದೇ ಒಂದು ವಿಚಾರಣೆಯನ್ನೂ ತಪ್ಪಿಸಿಲ್ಲ. ಸರಿಯಾದ ಕಾರಣವಿಲ್ಲದೆ ಆರೋಪಿಯನ್ನು ಜೈಲಿಗೆ ಒಪ್ಪಿಸಿದರೆ ಪ್ರೀಮಿಯಂ ಹಿಂತಿರುಗಿಸಲು ಜಡ್ಜ್ ಆದೇಶ ಕೊಡಬಹುದು. ಇದು ನಿಮಗೂ ಗೊತ್ತು. ಬಾರದ ಬಾಕಿಗೋಸ್ಕರ ಒಳಗೆ ಹಾಕಿಸುವುದು ಸರಿಯಾದ ಕಾರಣ ಹೇಗಾಗುತ್ತದೆ?

2025ರ ಜೂನ್‌ನಲ್ಲಿ ಕೇಸು ವಜಾ ಆಯಿತು. ಬಾಂಡಿನ ಹೊಣೆ ಮುಗಿಯಿತು ಅಂತ ಜಡ್ಜ್ ಅದೇ ದಿನ ಹೇಳಿದರು. ಆದೇಶದ ಪ್ರತಿಯನ್ನು ನಮ್ಮ ವಕೀಲರು ನಿಮಗೆ ಕಳಿಸಿದ್ದಾರೆ. ಹೊಣೆ ಮುಗಿದು ಬಾಕಿ ತೀರಿದ ಮೇಲೆ ಅಡಮಾನವನ್ನು ಕೊಟ್ಟವರಿಗೆ ಹಿಂತಿರುಗಿಸಬೇಕು. ಅಲ್ಲಿಯವರೆಗೆ ಅದು ನಿಮ್ಮ ಹತ್ತಿರ ನಂಬಿಕೆಯ ಮೇಲೆ ಇಟ್ಟ ವಸ್ತು, ನಿಮ್ಮ ಸ್ವತ್ತಲ್ಲ. ಆದರೂ ಪಿಂಕ್ ಸ್ಲಿಪ್ ಬಂದಿಲ್ಲ. ಕೇಳಿದರೆ ನವೀಕರಣದ ಬಾಕಿ ತೋರಿಸುತ್ತೀರಿ. ಕೇಳಲೇಬಾರದಿದ್ದ ಹಣವನ್ನು ಬಾಕಿ ಅಂತ ಬರೆದುಕೊಂಡು, ಆ ಬಾಕಿಗೆ ನನ್ನ ಕಾರನ್ನು ಹಿಡಿದಿಟ್ಟುಕೊಂಡಿದ್ದೀರಿ. ಕಾರು ಮಾರಲು ಒಬ್ಬರ ಜೊತೆ ಮಾತಾಗಿತ್ತು, ಕಾಗದ ಇಲ್ಲದೆ ಆ ವ್ಯಾಪಾರವೂ ಕೆಟ್ಟಿತು.

ಇನ್ನೊಂದು ವಿಷಯ. ಜೈಲಿನ ಹತ್ತಿರದಲ್ಲೇ ಏಜೆಂಟ್ ಸಿಕ್ಕರೆ ಬೇಗ ಆಗುತ್ತದೆ ಅಂತ ನಾವು ಹುಡುಕಿದಾಗ ನಿಮ್ಮ ಕಚೇರಿ ಡಬ್ಲಿನ್‌ನಲ್ಲೇ ಇದೆ ಅಂತ ಬಂತು. ಆಮೇಲೆ ಹೋಗಿ ನೋಡಿದರೆ ಅದು ಟಪಾಲು ಪೆಟ್ಟಿಗೆ ಬಾಡಿಗೆಗೆ ಕೊಡುವ ಅಂಗಡಿ. ನಿಮ್ಮ ನಿಜವಾದ ಕಚೇರಿ ಇರುವುದು ಲಾಸ್ ಏಂಜಲೀಸ್‌ನಲ್ಲಿ. ಬಾಂಡ್ ಕಾಗದ ಜೈಲಿಗೆ ಮುಟ್ಟಿದ್ದು ಮಾರನೇ ದಿನ ಮಧ್ಯಾಹ್ನ. ಹುಡುಗ ಅಷ್ಟು ಹೊತ್ತು ಸುಮ್ನೆ ಒಳಗೆ ಕೂರಬೇಕಾಯಿತು. ಡಬ್ಲಿನ್ ವಿಳಾಸವನ್ನು ಜಾಹೀರಾತಿನಿಂದ ತೆಗೆಯಿರಿ.

ಕಂತಿನ ಮೇಲೆ ಪ್ರೀಮಿಯಂ ಪಡೆಯುವಾಗ ಸಹ-ಸಹಿದಾರರಿಗೆ ಅವರ ಹೊಣೆ ಏನು ಅಂತ ಎಚ್ಚರಿಸುವ ನೋಟಿಸ್ ಮೊದಲೇ ಕೊಡಬೇಕು ಅಂತ 2021ರಲ್ಲೇ ಕ್ಯಾಲಿಫೋರ್ನಿಯಾದ ಅಪೀಲು ಕೋರ್ಟು ಹೇಳಿದೆ. ನನಗೆ ಅಂಥ ನೋಟಿಸ್ ಕೊಟ್ಟಿಲ್ಲ. ಕೊಟ್ಟಿದ್ದೀರಿ ಅನ್ನುವುದಾದರೆ ನನ್ನ ಸಹಿ ಇರುವ ಪ್ರತಿ ಕಳಿಸಿ.

ನವೀಕರಣದ ಬಿಲ್ ರದ್ದು ಮಾಡಿ, ಬಾಕಿ ಏನೂ ಇಲ್ಲ ಅಂತ ಬರಹದಲ್ಲಿ ಕೊಡಿ. ಪಿಂಕ್ ಸ್ಲಿಪ್ಪನ್ನು ನಿಮ್ಮ ಹಕ್ಕು ಬಿಟ್ಟುಕೊಟ್ಟಿರುವ ಸಹಿಯ ಸಮೇತ, ಒಪ್ಪಂದದಲ್ಲಿರುವ ನನ್ನ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ. ಈ ಪತ್ರ ತಲುಪಿದ 10 ದಿನಗಳೊಳಗೆ ಇಷ್ಟೂ ಆಗದಿದ್ದರೆ, ನಿಮ್ಮ ಲೈಸೆನ್ಸ್ ಕೊಟ್ಟಿರುವ ಕ್ಯಾಲಿಫೋರ್ನಿಯಾ ಇನ್ಶೂರೆನ್ಸ್ ಇಲಾಖೆಗೆ ಬಿಲ್, ರಸೀದಿ, ಕೋರ್ಟಿನ ಆದೇಶ ಎಲ್ಲವನ್ನೂ ಸೇರಿಸಿ ದೂರು ಕೊಡುತ್ತೇನೆ. ಏನಾದರೂ ಹೇಳುವುದಿದ್ದರೆ ನನಗೆ ಬರೆಯಿರಿ. ಮೈಸೂರಿಗೆ ಇನ್ನು ಫೋನ್ ಮಾಡಬೇಡಿ.

ಇಂತಿ,
ಒಪ್ಪಂದದ ಸಹ-ಸಹಿದಾರ
ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಲಗತ್ತು: ಕಂತು ಕಟ್ಟಿದ ರಸೀದಿಗಳು, ನವೀಕರಣದ ಬಿಲ್, ಕೋರ್ಟಿನ ಆದೇಶದ ಪ್ರತಿ, ಈ ಪತ್ರದ ಇಂಗ್ಲಿಷ್ ಪ್ರತಿ